ಹಯಾಟಸ್ ಹರ್ನಿಯಾ: ಎದೆಯುರಿ ಹೆಚ್ಚಿಸುವ ದಿನನಿತ್ಯದ ರೂಢಿಗಳು ಮತ್ತು ಅವನ್ನು ತಪ್ಪಿಸುವ ಬಗೆ

ಎಂಡೋಸ್ಕೋಪಿ ಮಾಡಿಸಿಕೊಂಡ ಅನೇಕರ ವರದಿಯಲ್ಲಿ 'ಹಯಾಟಸ್ ಹರ್ನಿಯಾ' ಎಂಬ ಶಬ್ದ ಬರೆದಿರುತ್ತದೆ. ಹರ್ನಿಯಾ ಎಂದ ಕೂಡಲೇ ರೋಗಿಯೂ ಜೊತೆಗೆ ಬಂದವರೂ ಗಾಬರಿಯಾಗುತ್ತಾರೆ. "ಆಪರೇಷನ್ ಮಾಡಿಸಲೇಬೇಕೇ?" ಎಂಬುದು ಮೊದಲ ಪ್ರಶ್ನೆ. ಇನ್ನು ಕೆಲವರದು ಬೇರೆ ಕಥೆ. ಕೊಟ್ಟ ಗುಳಿಗೆ ನುಂಗಿ ಎರಡು ವಾರ ಆರಾಮವಾಗಿರುತ್ತಾರೆ. ಗುಳಿಗೆ ಮುಗಿದ ಮೇಲೆ ಅದೇ ಎದೆಯುರಿ, ಅದೇ ಹುಳಿತೇಗು. "ಔಷಧ ಹತ್ತಲಿಲ್ಲ" ಎಂದು ಮತ್ತೊಂದು ಆಸ್ಪತ್ರೆಗೆ ಹೋಗುತ್ತಾರೆ.

ಔಷಧ ಹತ್ತಿರುತ್ತದೆ. ಆದರೆ ಗುಳಿಗೆ ಮಾಡುವುದು ಜಠರದ ಆಮ್ಲವನ್ನು ಕಡಿಮೆ ಮಾಡುವ ಕೆಲಸ ಮಾತ್ರ. ಆ ಆಮ್ಲವನ್ನು ದಿನವೂ ಮೇಲಕ್ಕೆ ನೂಕುವ ರೂಢಿಗಳನ್ನು ಗುಳಿಗೆ ಬದಲಿಸಲಾರದು. ಈ ತೊಂದರೆಯಲ್ಲಿ ಏನು ತಿನ್ನುತ್ತೇವೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಎಷ್ಟು ತಿನ್ನುತ್ತೇವೆ, ಯಾವ ಹೊತ್ತಿಗೆ ತಿನ್ನುತ್ತೇವೆ, ತಿಂದ ಮೇಲೆ ದೇಹವನ್ನು ಹೇಗೆ ಇಡುತ್ತೇವೆ ಎಂಬುದು ಮುಖ್ಯ. ಇವು ರೋಗಿಯ ಕೈಯಲ್ಲಿಯೂ ಮನೆಯವರ ಕೈಯಲ್ಲಿಯೂ ಇರುವ ಸಂಗತಿಗಳು. ದಯವಿಟ್ಟು ಇಬ್ಬರೂ ಓದಿರಿ. ಓದಲು ಬಾರದ ಹಿರಿಯರಿಗೆ ಜೊತೆಯಲ್ಲಿದ್ದವರು ಓದಿ ಹೇಳಿರಿ.

ಹಯಾಟಸ್ ಹರ್ನಿಯಾ ಎಂದರೇನು?

ನಮ್ಮ ಎದೆಗೂಡು ಮತ್ತು ಹೊಟ್ಟೆಯ ನಡುವೆ 'ವಪೆ' ಎಂಬ ಸ್ನಾಯುವಿನ ಪರದೆ ಇದೆ. ಉಸಿರಾಟಕ್ಕೆ ಇದೇ ಮುಖ್ಯ. ಬಾಯಿಯಿಂದ ಬರುವ ಅನ್ನನಾಳವು ಈ ವಪೆಯಲ್ಲಿರುವ ಒಂದು ಕಿಂಡಿಯ ಮೂಲಕ ಕೆಳಗಿಳಿದು ಜಠರವನ್ನು ಸೇರುತ್ತದೆ. ಆ ಕಿಂಡಿಗೆ 'ಹಯಾಟಸ್' ಎಂದು ಹೆಸರು. ವಯಸ್ಸಿನಿಂದಲೋ ಹೊಟ್ಟೆಯ ಒತ್ತಡದಿಂದಲೋ ಕಿಂಡಿ ಸಡಿಲವಾದಾಗ ಜಠರದ ಮೇಲ್ಭಾಗವು ಅದರ ಮೂಲಕ ಎದೆಯ ಕಡೆಗೆ ಜಾರುತ್ತದೆ. ಇದೇ ಹಯಾಟಸ್ ಹರ್ನಿಯಾ.

ತೊಡೆಸಂದಿನ ಹರ್ನಿಯಾದಂತೆ ಇದರಲ್ಲಿ ಹೊರಗೆ ಗಂಟು ಕಾಣುವುದಿಲ್ಲ. ಆದ್ದರಿಂದ ಇದಕ್ಕೆ ಹರ್ನಿಯಾ ಬೆಲ್ಟ್ ಕಟ್ಟಿಕೊಳ್ಳಬಾರದು. ಕಟ್ಟಿದರೆ ಹೊಟ್ಟೆಯ ಒತ್ತಡ ಏರಿ ತೊಂದರೆ ಹೆಚ್ಚುತ್ತದೆ.

ಅನ್ನನಾಳದ ಕೆಳತುದಿಯಲ್ಲಿ ಒಂದು ಸ್ನಾಯುವಿನ ಕವಾಟ ಇದೆ. ಆಹಾರ ಕೆಳಗಿಳಿಯುವಾಗ ತೆರೆದು, ಆಮೇಲೆ ಮುಚ್ಚಿಕೊಳ್ಳುವುದು ಅದರ ಕೆಲಸ. ವಪೆಯ ಸ್ನಾಯುವೂ ಅದೇ ಜಾಗದಲ್ಲಿ ಹೊರಗಿನಿಂದ ಹಿಡಿದುಕೊಂಡಿರುತ್ತದೆ. ಜೋಳದ ಚೀಲದ ಬಾಯನ್ನು ದಾರದಿಂದ ಕಟ್ಟಿ, ಅದರ ಮೇಲೆ ಕೈಯಿಂದಲೂ ಬಿಗಿ ಹಿಡಿದಂತೆ ಎಂದು ತಿಳಿಯಿರಿ. ಹರ್ನಿಯಾ ಆದಾಗ ದಾರ ಕಟ್ಟಿದ ಜಾಗ ಮೇಲೆ ಸರಿಯುತ್ತದೆ, ಕೈ ಕೆಳಗೇ ಉಳಿಯುತ್ತದೆ. ಎರಡೂ ಹಿಡಿತ ಬೇರೆಯಾಗಿ ಚೀಲದ ಬಾಯಿ ಸಡಿಲಾಗುತ್ತದೆ. ಆಗ ಜಠರದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಜಠರದ ಒಳಪದರಕ್ಕೆ ಆಮ್ಲವನ್ನು ತಾಳುವ ಶಕ್ತಿ ಇದೆ. ಅನ್ನನಾಳಕ್ಕೆ ಅಷ್ಟು ಇಲ್ಲ. ಅದಕ್ಕೇ ಉರಿ.

ಈ ಹರ್ನಿಯಾಗಳಲ್ಲಿ ಬಹುಪಾಲು ಜಾರುವ ಬಗೆಯವು, ಅಂದರೆ ಮೇಲೆ ಸರಿದು ಮತ್ತೆ ಕೆಳಗಿಳಿಯುವಂಥವು. ೫೦ ವರ್ಷ ದಾಟಿದವರಲ್ಲಿ, ಬೊಜ್ಜಿರುವವರಲ್ಲಿ ಇದು ಹೆಚ್ಚು. ಎಷ್ಟೋ ಜನರಿಗೆ ಇದ್ದರೂ ಯಾವ ತೊಂದರೆಯೂ ಇರುವುದಿಲ್ಲ. ವರದಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಹೆದರಬೇಕಾಗಿಲ್ಲ.

ಲಕ್ಷಣಗಳು

• ಎದೆಯ ನಡುವೆ ಉರಿ, ಮುಖ್ಯವಾಗಿ ಊಟದ ನಂತರ, ಬಾಗಿದಾಗ, ಮಲಗಿದಾಗ
• ಬಾಯಿಗೆ ಹುಳಿ ಅಥವಾ ಕಹಿ ನೀರು ಬರುವುದು, ಹುಳಿತೇಗು
• ಸ್ವಲ್ಪ ಉಂಡರೂ ಹೊಟ್ಟೆ ಬಿಗಿದಂತಾಗುವುದು
• ರಾತ್ರಿ ಮಲಗಿದಾಗ ಕೆಮ್ಮು, ಮುಂಜಾನೆ ಗಂಟಲು ಕೆರೆತ, ಧ್ವನಿ ಒಡೆಯುವುದು

ಮೊದಲು ಒಂದು ಎಚ್ಚರಿಕೆ: ಎಲ್ಲ ಎದೆನೋವೂ ಗ್ಯಾಸ್ ಅಲ್ಲ

ಎದೆಯುರಿ ಎಂದು ಸೋಡಾ ಕುಡಿದು, ಓಮಿನಕಾಳು ಅಗಿದು ಮನೆಯಲ್ಲೇ ಕುಳಿತವರು ಹೃದಯಾಘಾತದಿಂದ ಪ್ರಾಣ ಕಳೆದುಕೊಳ್ಳುವುದುಂಟು. ಎದೆಯಲ್ಲಿ ಹಿಂಡಿದಂತೆ ಅಥವಾ ಭಾರ ಹೇರಿದಂತೆ ನೋವು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ಮೈಯೆಲ್ಲ ತಣ್ಣನೆಯ ಬೆವರು, ಉಸಿರು ಕಟ್ಟುವುದು, ನಡೆದಾಗ ಬಂದು ನಿಂತಾಗ ಕಡಿಮೆಯಾಗುವ ನೋವು ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಬನ್ನಿ, ಅಥವಾ ೧೦೮ಕ್ಕೆ ಕರೆಮಾಡಿ ಆಂಬುಲೆನ್ಸ್ ಕರೆಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಹೃದಯಾಘಾತವಾದರೂ ನೋವು ತೀವ್ರವಾಗಿ ಕಾಣದೆ ಬರೀ ಸಂಕಟ, ಸುಸ್ತು ಆಗಿರಬಹುದು. ತೇಗು ಬಂದ ಕೂಡಲೇ ಹಗುರವಾಯಿತು ಎಂಬುದು ಹೃದಯದ ತೊಂದರೆ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಮೊದಲು ಇ.ಸಿ.ಜಿ. ಆಗಲಿ, ಆಮೇಲೆ ಗ್ಯಾಸಿನ ಮಾತು. ಹಿಂದೆ ಹಯಾಟಸ್ ಹರ್ನಿಯಾ ಎಂದು ಹೇಳಿಸಿಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಒಬ್ಬರಿಗೇ ಎರಡೂ ತೊಂದರೆ ಇರಬಹುದು.

ತೊಂದರೆ ಕೆರಳಿಸುವ ರೂಢಿಗಳು

ರೂಢಿಗಳು ಹಲವಿದ್ದರೂ ಅವು ಕೆಡಕು ಮಾಡುವ ದಾರಿಗಳು ಮುಖ್ಯವಾಗಿ ನಾಲ್ಕು. ಜಠರ ಅತಿಯಾಗಿ ತುಂಬುವುದು, ತುಂಬಿದ ಜಠರ ಅಡ್ಡವಾಗುವುದು, ಹೊಟ್ಟೆಯ ಮೇಲೆ ಒತ್ತಡ ಬೀಳುವುದು, ಕವಾಟ ಸಡಿಲಾಗುವುದು. ಇವನ್ನು ನೆನಪಿಟ್ಟರೆ ಇಲ್ಲಿ ಬರೆಯದ ರೂಢಿಗಳನ್ನೂ ನೀವೇ ಗುರುತಿಸಬಲ್ಲಿರಿ.

೧. ಒಂದೇ ಸಲ ಹೊಟ್ಟೆ ಬಿರಿಯುವಂತೆ ಉಣ್ಣುವುದು

ಮುಂಜಾನೆ ಬರೀ ಚಹಾ ಕುಡಿದು ಹೊಲಕ್ಕೆ ಹೋಗಿ, ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ರೊಟ್ಟಿ, ಪಲ್ಯ, ಮೇಲೆ ಅನ್ನ ಸಾರು ಉಂಡು, ತಂಬಿಗೆ ನೀರು ಕುಡಿಯುವುದು ನಮ್ಮ ಕಡೆ ಸಾಮಾನ್ಯ. ಜಠರ ಹಿಗ್ಗಿದಷ್ಟೂ ಕವಾಟ ತೆರೆದುಕೊಳ್ಳುತ್ತದೆ. ಅದೇ ಆಹಾರವನ್ನು ಮೂರು ಅಥವಾ ನಾಲ್ಕು ಸಲಕ್ಕೆ ಹಂಚಿಕೊಳ್ಳಿರಿ. ಮುಂಜಾನೆ ಒಂದು ರೊಟ್ಟಿ ಅಥವಾ ಸ್ವಲ್ಪ ಉಪ್ಪಿಟ್ಟು ತಿಂದೇ ಕೆಲಸಕ್ಕೆ ಹೋಗಿರಿ. ಅವಸರದಲ್ಲಿ ನುಂಗಬೇಡಿರಿ. ಬೇಗ ಬೇಗ ಉಂಡರೆ ಗಾಳಿಯೂ ಹೊಟ್ಟೆಗೆ ಹೋಗುತ್ತದೆ. ನೀರನ್ನು ಊಟದ ನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಹೆಚ್ಚು ನೀರನ್ನು ಊಟಗಳ ನಡುವಿನ ಹೊತ್ತಿನಲ್ಲಿ ಕುಡಿಯುವುದು ಒಳ್ಳೆಯದು.

ಮದುವೆ, ಜಾತ್ರೆ, ದಾಸೋಹದ ದಿನಗಳಲ್ಲಿ ವಿಶೇಷ ಎಚ್ಚರ ಬೇಕು. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದು ಎಂಬ ಭಾವನೆ ಒಳ್ಳೆಯದು, ಅದನ್ನು ಉಳಿಸಿಕೊಳ್ಳಿರಿ. ಆದರೆ ಬಿಡಬಾರದು ಎಂದು ಹೊಟ್ಟೆ ತುಂಬಿದ ಮೇಲೂ ಉಣ್ಣುವ ಬದಲು, ನೀಡಿಸಿಕೊಳ್ಳುವಾಗಲೇ ಸ್ವಲ್ಪ ನೀಡಿಸಿಕೊಳ್ಳಿರಿ. ಬೇಕಾದರೆ ಮತ್ತೆ ಕೇಳಬಹುದು. ಬಡಿಸುವವರೂ ಕಾಯಿಲೆಯವರಿಗೆ ಒತ್ತಾಯ ಮಾಡಬಾರದು.

೨. ಉಂಡ ಕೂಡಲೇ ಮಲಗುವುದು

ಸಾಧಾರಣ ಊಟ ಜಠರದಿಂದ ಕೆಳಗಿಳಿಯಲು ಸುಮಾರು ೩ ರಿಂದ ೪ ಗಂಟೆ ಬೇಕು. ಎಣ್ಣೆ, ತುಪ್ಪದ ಊಟಕ್ಕೆ ಇನ್ನೂ ಹೆಚ್ಚು. ಕುಳಿತಾಗ, ನಿಂತಾಗ ಆಮ್ಲ ತನ್ನ ಭಾರದಿಂದಲೇ ಕೆಳಗಿರುತ್ತದೆ. ಮಲಗಿದರೆ ಆ ನೆರವು ತಪ್ಪಿಹೋಗುತ್ತದೆ. ನಿದ್ದೆಯಲ್ಲಿ ಜೊಲ್ಲು ನುಂಗುವುದೂ ಕಡಿಮೆಯಾಗುವುದರಿಂದ ಮೇಲೆ ಬಂದ ಆಮ್ಲ ಬೇಗ ತೊಳೆದುಹೋಗುವುದಿಲ್ಲ. ಅದಕ್ಕೇ ರಾತ್ರಿಯ ಉರಿ ಹಗಲಿನದಕ್ಕಿಂತ ಹೆಚ್ಚು ಗಾಯ ಮಾಡುತ್ತದೆ.

ರಾತ್ರಿ ಊಟಕ್ಕೂ ನಿದ್ದೆಗೂ ನಡುವೆ ಕನಿಷ್ಠ ೩ ಗಂಟೆ ಅಂತರ ಇರಲಿ. ಹತ್ತು ಗಂಟೆಗೆ ಮಲಗುವವರು ಏಳು ಗಂಟೆಯೊಳಗೆ ಉಣ್ಣಬೇಕು. ಟಿ.ವಿ. ಧಾರಾವಾಹಿ ಮುಗಿದ ಮೇಲೆ ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ ಎಂಬ ರೂಢಿ ಬಿಡಬೇಕು. ಮಧ್ಯಾಹ್ನ ಊಟದ ನಂತರ ದಣಿವಾದರೆ ಒರಗು ಕುರ್ಚಿಯಲ್ಲಿ ಅಥವಾ ಗೋಡೆಗೆ ಬೆನ್ನು ಕೊಟ್ಟು ಕುಳಿತೇ ವಿಶ್ರಾಂತಿ ಪಡೆಯಿರಿ. ಊಟದ ನಂತರ ೧೫ ನಿಮಿಷ ನಿಧಾನವಾಗಿ ಅಡ್ಡಾಡುವುದು ಒಳ್ಳೆಯದು.

ಮೂರು ಫೇಸ್ ಕರೆಂಟು ಬಂದಾಗ ರಾತ್ರಿ ಹೊಲಕ್ಕೆ ನೀರು ಹಾಯಿಸುವ ರೈತರಿಗೆ ಇದು ಕಷ್ಟ. ಅವರು ಹೊಲಕ್ಕೆ ಹೋಗುವ ಮೊದಲೇ ಊಟ ಮುಗಿಸಬೇಕು. ಮಧ್ಯರಾತ್ರಿ ಬಂದು ಉಂಡು ಮಲಗಬಾರದು. ಹಸಿವಾದರೆ ಎರಡು ಬಿಸ್ಕತ್ತು ಅಥವಾ ಸ್ವಲ್ಪ ಗಂಜಿ ಸಾಕು.

೩. ತಪ್ಪಾಗಿ ಮಲಗುವುದು

ತಲೆಗೆ ಎರಡು ಮೂರು ದಿಂಬು ಏರಿಸಿಕೊಂಡರೆ ಸಾಕೆಂದು ಹಲವರು ತಿಳಿದಿದ್ದಾರೆ. ಇದರಿಂದ ಕುತ್ತಿಗೆ ಮತ್ತು ನಡು ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಒತ್ತಡ ಇನ್ನೂ ಹೆಚ್ಚುತ್ತದೆ. ಏರಬೇಕಾದದ್ದು ತಲೆ ಮಾತ್ರವಲ್ಲ, ನಡುವಿನಿಂದ ಮೇಲಿನ ಇಡೀ ಮೈ.

• ಮಂಚ ಇದ್ದರೆ: ತಲೆಯ ಕಡೆಯ ಎರಡೂ ಕಾಲುಗಳ ಕೆಳಗೆ ೬ ರಿಂದ ೮ ಇಂಚು ಎತ್ತರದ ಗಟ್ಟಿ ಮರದ ತುಂಡು ಇಡಿರಿ. ಎರಡು ಇಟ್ಟಿಗೆ ಒಂದರ ಮೇಲೊಂದು ಇಟ್ಟರೆ ಸುಮಾರು ೬ ಇಂಚು ಆಗುತ್ತದೆ. ಮಂಚ ಜಾರದಂತೆ, ಅಲುಗದಂತೆ ನೋಡಿಕೊಳ್ಳಿರಿ.
• ನೆಲದ ಮೇಲೆ ಮಲಗುವವರು: ಹಳೆಯ ಕೌದಿಗಳನ್ನು ಮಡಚಿ, ನಡುವಿನ ಹತ್ತಿರ ತೆಳ್ಳಗೆ, ತಲೆಯ ಕಡೆ ದಪ್ಪಗೆ ಬರುವಂತೆ ಇಳಿಜಾರಾಗಿ ಜೋಡಿಸಿ, ಅದರ ಮೇಲೆ ಹಾಸಿಗೆ ಹಾಸಿರಿ.
• ಎಡಮಗ್ಗುಲಾಗಿ ಮಲಗಿರಿ. ಆಗ ಜಠರದ ದೊಡ್ಡ ಭಾಗ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಬಲಮಗ್ಗುಲಾದರೆ ಇದಕ್ಕೆ ವಿರುದ್ಧ. ಬೋರಲಾಗಿ ಮಲಗಬೇಡಿರಿ.

೪. ಉಂಡ ಮೇಲೆ ಬಾಗುವುದು, ಭಾರ ಎತ್ತುವುದು

ಕಾಯಕ ಬಿಡಲು ಯಾರಿಗೂ ಹೇಳುತ್ತಿಲ್ಲ. ಕೆಲಸದ ಹೊತ್ತನ್ನು ಮತ್ತು ರೀತಿಯನ್ನು ಬದಲಿಸಿದರೆ ಸಾಕು. ನೀರು ತುಂಬಿದ ಕೊಡವನ್ನು ಬಾಗಿಸಿದರೆ ನೀರು ಹೊರಗೆ ಬರುವಂತೆ, ತುಂಬಿದ ಹೊಟ್ಟೆಯಲ್ಲಿ ನಡು ಬಗ್ಗಿಸಿದರೆ ಆಮ್ಲ ಗಂಟಲಿಗೆ ಬರುತ್ತದೆ. ಕಳೆ ತೆಗೆಯುವುದು, ಕಸ ಹೊಡೆಯುವುದು, ನೆಲ ಒರೆಸುವುದು, ಬಟ್ಟೆ ಒಗೆಯುವುದು ಇವೆಲ್ಲ ಊಟಕ್ಕೆ ಮೊದಲು, ಅಥವಾ ಊಟವಾಗಿ ಎರಡು ಮೂರು ಗಂಟೆಯ ನಂತರ ಆಗಲಿ. ಉದ್ದ ಹಿಡಿಯ ಕಸಬರಿಗೆ, ಉದ್ದ ಕೋಲಿನ ಒರೆಸುಬಟ್ಟೆ ಬಳಸಿರಿ. ಬಟ್ಟೆ ಒಗೆಯುವ ಕಲ್ಲು ನಡುವಿನೆತ್ತರಕ್ಕೆ ಇರಲಿ. ಕೆಳಗೆ ಬಿದ್ದದ್ದನ್ನು ಎತ್ತುವಾಗ ಬೆನ್ನು ನೇರ ಇಟ್ಟು ಮೊಣಕಾಲು ಮಡಚಿರಿ.

ಭಾರ ಎತ್ತುವಾಗ ನಾವು ಉಸಿರು ಬಿಗಿ ಹಿಡಿಯುತ್ತೇವೆ. ಆಗ ಹೊಟ್ಟೆಯ ಒತ್ತಡ ಒಮ್ಮೆಲೇ ಏರುತ್ತದೆ. ಸಿಮೆಂಟಿನ ಒಂದು ಚೀಲ ೫೦ ಕಿಲೋ ಇರುತ್ತದೆ. ಕಾಳಿನ ಚೀಲ ಅದಕ್ಕಿಂತ ಹೆಚ್ಚೂ ಇರಬಹುದು. ಈ ತೊಂದರೆ ಇದ್ದವರು ಅಂಥ ಚೀಲವನ್ನು ಒಬ್ಬರೇ ಎತ್ತಬಾರದು. ಇಬ್ಬರು ಸೇರಿ ಎತ್ತಿರಿ, ಇಲ್ಲವೇ ಕೈಗಾಡಿ ಬಳಸಿರಿ. ಸಣ್ಣ ಭಾರ ಎತ್ತುವಾಗಲೂ ಉಸಿರನ್ನು ಹೊರಗೆ ಬಿಡುತ್ತಾ ಎತ್ತಿರಿ. ನೀರಿನ ದೊಡ್ಡ ಕೊಡದ ಬದಲು ಎರಡು ಸಣ್ಣ ಕೊಡಗಳಲ್ಲಿ ತರಬಹುದು.

ಮಠ, ದೇವಸ್ಥಾನಕ್ಕೆ ಹೋದಾಗ ಮೈಚಾಚಿ ನಮಸ್ಕರಿಸುವವರು ಪ್ರಸಾದಕ್ಕೆ ಮೊದಲೇ ನಮಸ್ಕಾರ ಮುಗಿಸಿರಿ. ಊಟದ ನಂತರವಾದರೆ ನಿಂತು ಕೈಮುಗಿದರೆ ಸಾಕು. ಯೋಗ ಮಾಡುವವರು ಬರಿಹೊಟ್ಟೆಯಲ್ಲಿಯೇ ಮಾಡಬೇಕು. ಮಯೂರಾಸನ, ಹಲಾಸನ, ಸರ್ವಾಂಗಾಸನ, ಜೋರಾದ ಕಪಾಲಭಾತಿಯಂಥವು ಹೊಟ್ಟೆಗೆ ಒತ್ತಡ ಕೊಡುತ್ತವೆ ಅಥವಾ ಮೈಯನ್ನು ತಲೆಕೆಳಗು ಮಾಡುತ್ತವೆ. ಅವನ್ನು ಬಿಡಿರಿ. ನಡಿಗೆ, ನಿಧಾನವಾದ ಆಳ ಉಸಿರಾಟ ಒಳ್ಳೆಯವು.

೫. ನಡುವಿಗೆ ಬಿಗಿ ಕಟ್ಟುವುದು

ಸೀರೆಯ ಒಳಲಂಗದ ಲಾಡಿ, ಧೋತರದ ಗಂಟು, ಪ್ಯಾಂಟಿನ ಬೆಲ್ಟು, ಬಿಗಿಯಾದ ಉಡುದಾರ ಇವು ಹೊಟ್ಟೆಯನ್ನು ನಡುವೆ ಹಿಂಡಿ ಜಠರವನ್ನು ಮೇಲಕ್ಕೆ ತಳ್ಳುತ್ತವೆ. ಲಾಡಿಯ ಗುರುತು ಚರ್ಮದ ಮೇಲೆ ಮೂಡುತ್ತಿದ್ದರೆ ಅದು ಬಿಗಿಯಾಗಿದೆ ಎಂದೇ ಅರ್ಥ. ಅಗಲ ಪಟ್ಟಿಯ ಲಾಡಿ ಬಳಸಿರಿ, ಒಂದೆರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಹೆರಿಗೆಯಾದ ಮೇಲೆ ಬಾಣಂತಿಯ ಹೊಟ್ಟೆಗೆ ಸೀರೆ ಸುತ್ತಿ ಬಿಗಿಯುವ ಪದ್ಧತಿ ಇದೆ. ಎದೆಯುರಿ ಇರುವ ಬಾಣಂತಿಗೆ ಇದನ್ನು ಮಾಡಬೇಡಿರಿ.

೬. ಮುಕ್ಕುವುದು ಮತ್ತು ಕೆಮ್ಮುವುದು

ಮಲಬದ್ಧತೆಯಿಂದ ದಿನವೂ ಮುಕ್ಕುವವರಿಗೆ ಒತ್ತಡ ದಿನವೂ ತಪ್ಪದು. ಸೊಪ್ಪು, ಕಾಯಿಪಲ್ಯ, ಮೊಳಕೆ ಕಾಳು, ಹಣ್ಣು ತಿನ್ನಿರಿ. ನೀರು ಸಾಕಷ್ಟು ಕುಡಿಯಿರಿ. ಅಷ್ಟಕ್ಕೂ ಸರಿಯಾಗದಿದ್ದರೆ ವೈದ್ಯರಿಗೆ ಹೇಳಿರಿ. ಮೂತ್ರಕ್ಕೆ ಮುಕ್ಕಬೇಕಾಗುವ ವಯಸ್ಸಾದ ಗಂಡಸರು ಪ್ರಾಸ್ಟೇಟ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿರಿ. ಕೆಮ್ಮು ಒತ್ತಡ ಹೆಚ್ಚಿಸುತ್ತದೆ, ಗಂಟಲಿಗೆ ಬಂದ ಆಮ್ಲ ಕೆಮ್ಮು ಹೆಚ್ಚಿಸುತ್ತದೆ. ಒಂದು ಕಡೆ ಇದನ್ನು ಮುರಿಯಲೇಬೇಕು.

೭. ತಂಬಾಕು, ಮದ್ಯ, ಚಹಾ, ಕರಿದ ತಿನಿಸು

ಬೀಡಿ, ಸಿಗರೇಟು, ಅಗಿಯುವ ತಂಬಾಕು ಕವಾಟವನ್ನು ಸಡಿಲಗೊಳಿಸುತ್ತವೆ. ಬೀಡಿ ಕೆಮ್ಮನ್ನೂ ತರುತ್ತದೆ, ಜೊಲ್ಲನ್ನೂ ಕಡಿಮೆ ಮಾಡುತ್ತದೆ. ಮದ್ಯವೂ ಹಾಗೆಯೇ. ಇವೆರಡರಲ್ಲಿ "ಸ್ವಲ್ಪ ನಡೆಯುತ್ತದೆ" ಎಂಬ ಮಾತಿಲ್ಲ, ಪೂರ್ಣ ಬಿಡಬೇಕು.

ಚಹಾ, ಕಾಫಿ ದಿನಕ್ಕೆ ಒಂದೆರಡು ಕಪ್ಪಿಗೆ ಇಳಿಸಿರಿ. ಬರಿಹೊಟ್ಟೆಯಲ್ಲಿ ಬೇಡ, ಮಲಗುವ ಮುಂಚೆ ಬೇಡ. ಸಂಜೆಯ ಮಿರ್ಚಿ ಭಜಿ, ಗಿರಮಿಟ್ಟು, ಮೇಲೊಂದು ಖಡಕ್ ಚಹಾ ಈ ಮೂರೂ ಸೇರಿದರೆ ಎಣ್ಣೆಯಿಂದ ಜಠರ ಖಾಲಿಯಾಗುವುದು ತಡವಾಗುತ್ತದೆ, ಖಾರದಿಂದ ಗಾಯದ ಮೇಲೆ ಉರಿ ಹೆಚ್ಚುತ್ತದೆ. ಊಟದ ನಂತರ ಪೆಪ್ಪರಮಿಂಟು, ಪುದೀನ ಗುಳಿಗೆ ತಿನ್ನುವುದು ತಂಪೆನಿಸಿದರೂ ಅದು ಕವಾಟವನ್ನು ಸಡಿಲ ಮಾಡುತ್ತದೆ. ಸೋಡಾ, ಬಾಟಲಿ ತಂಪುಪಾನೀಯಗಳು ಗಾಳಿಯಿಂದ ಜಠರವನ್ನು ಉಬ್ಬಿಸುತ್ತವೆ. ತೇಗು ಬಂದಾಗ ಹಗುರವೆನಿಸುತ್ತದೆ, ಆದರೆ ಆ ತೇಗಿನ ಜೊತೆ ಆಮ್ಲವೂ ಬರುತ್ತದೆ.

ಟೊಮೆಟೊ, ನಿಂಬೆ, ಹುಣಸೆ, ಹಸಿಮೆಣಸು, ಚಾಕೊಲೇಟು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಆಗುವುದಿಲ್ಲ. ಯಾರೋ ಹೇಳಿದರೆಂದು ಎಲ್ಲವನ್ನೂ ಬಿಟ್ಟು ಸಪ್ಪೆ ಗಂಜಿಯ ಮೇಲೆ ಬದುಕಿ ನಿಶ್ಶಕ್ತರಾಗಬೇಡಿರಿ. ನಿಮಗೆ ಯಾವುದು ಆಗದು ಎಂಬುದನ್ನು ಮುಂದೆ ಹೇಳಿದ ವಹಿಯಿಂದ ತಿಳಿಯಿರಿ.

೮. ದೀರ್ಘ ಉಪವಾಸ, ಆಮೇಲೆ ಒಮ್ಮೆಲೇ ಊಟ

ಸೋಮವಾರದ ಒಪ್ಪತ್ತು, ಶಿವರಾತ್ರಿಯ ಉಪವಾಸ ಮಾಡುವವರು ದಿನವಿಡೀ ಚಹಾದ ಮೇಲೆ ಇದ್ದು, ರಾತ್ರಿ ಸಾಬೂದಾಣಿ, ಕರಿದ ಶೇಂಗಾ, ಸಿಹಿ ಹೊಟ್ಟೆತುಂಬ ತಿಂದು ಮಲಗುತ್ತಾರೆ. ತೊಂದರೆ ಬರುವುದು ಇದರಿಂದಲೇ. ಹಣ್ಣು, ನೀರುಮಜ್ಜಿಗೆಯನ್ನು ಆಗಾಗ ಸ್ವಲ್ಪ ಸ್ವಲ್ಪ ತೆಗೆದುಕೊಂಡು, ಸಂಜೆ ಬೇಗ ಹಗುರಾಗಿ ಪ್ರಸಾದ ಸ್ವೀಕರಿಸಿರಿ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

೯. ಗುಳಿಗೆ ನುಂಗುವಲ್ಲಿ ತಪ್ಪು

ಮೊಣಕಾಲು ನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳು (ಡೈಕ್ಲೋಫಿನಾಕ್, ಐಬುಪ್ರೊಫೇನ್ ಮುಂತಾದವು) ಜಠರ ಮತ್ತು ಅನ್ನನಾಳದಲ್ಲಿ ಗಾಯ ಮಾಡುತ್ತವೆ. ಕಬ್ಬಿಣಾಂಶದ ಗುಳಿಗೆ, ಡಾಕ್ಸಿಸೈಕ್ಲಿನ್, ಮೂಳೆ ಸವೆತದ ಅಲೆಂಡ್ರೊನೇಟ್ ಗುಳಿಗೆಗಳು ಅನ್ನನಾಳಕ್ಕೆ ಅಂಟಿ ಸುಡಬಲ್ಲವು. ಇವನ್ನು ಮಲಗಿಕೊಂಡು ಅಥವಾ ಒಂದು ಗುಟುಕು ನೀರಿನಲ್ಲಿ ನುಂಗಬಾರದು. ನೇರ ಕುಳಿತು ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದೆ ಇರಿ. ರಕ್ತದೊತ್ತಡ, ಹೃದಯ, ಉಬ್ಬಸದ ಕೆಲವು ಔಷಧಗಳು ಕವಾಟವನ್ನು ಸಡಿಲ ಮಾಡಬಹುದು. ಆದರೆ ಅವನ್ನೂ ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಬೇಡಿರಿ. ನುಂಗುವ ಎಲ್ಲ ಗುಳಿಗೆಗಳ ಚೀಟಿ ತಂದು ತೋರಿಸಿರಿ.

ಆಮ್ಲ ಕಡಿಮೆ ಮಾಡುವ ಒಮೆಪ್ರಾಜೋಲ್, ಪ್ಯಾಂಟೊಪ್ರಾಜೋಲ್ ಗುಳಿಗೆಗಳನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಉಂಡ ಮೇಲೆ ನುಂಗಿದರೆ ಪೂರ್ಣ ಗುಣ ಸಿಗದು. ಇವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿರಿ, ವರ್ಷಗಟ್ಟಲೆ ತಾವೇ ಮುಂದುವರಿಸಬೇಡಿರಿ. ನೀರಿನಲ್ಲಿ ಬುರುಬುರು ಕರಗುವ ಪುಡಿಗಳಲ್ಲಿ ಸೋಡಿಯಂ ಇರುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಪದೇ ಪದೇ ಕುಡಿಯಬಾರದು.

ತೂಕದ ಮಾತು

ಹೊಟ್ಟೆಯ ಸುತ್ತ ಬೊಜ್ಜು ಇದ್ದರೆ ಯಾವ ಹೊತ್ತಿನಲ್ಲೂ ತೆಗೆಯಲಾಗದ ಬಿಗಿ ಬೆಲ್ಟು ಕಟ್ಟಿಕೊಂಡಂತೆ. ತೂಕ ಹೆಚ್ಚಿದವರು ಕೆಲವೇ ಕಿಲೋ ಇಳಿಸಿದರೂ ಉರಿ ಕಡಿಮೆಯಾಗುವುದನ್ನು ಕಾಣುತ್ತಾರೆ. ಅವಸರ ಬೇಡ, ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಸಾಕು. ತೆಳ್ಳಗಿರುವವರು ತೂಕ ಇಳಿಸಬೇಕಾಗಿಲ್ಲ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಎದೆಯುರಿ ಸಾಮಾನ್ಯ. ಅವರು ಊಟವನ್ನು ಕಡಿಮೆ ಮಾಡದೆ, ಐದಾರು ಸಲಕ್ಕೆ ಹಂಚಿಕೊಳ್ಳಬೇಕು.

ಎರಡು ವಾರದ ವಹಿ

ಒಂದು ನೋಟುಪುಸ್ತಕದಲ್ಲಿ ದಿನವೂ ನಾಲ್ಕು ಸಂಗತಿ ಬರೆಯಿರಿ: ಏನು ಉಂಡಿರಿ, ಎಷ್ಟು ಗಂಟೆಗೆ, ಆಮೇಲೆ ಏನು ಮಾಡಿದಿರಿ (ಮಲಗಿದಿರೋ, ಬಾಗಿ ಕೆಲಸ ಮಾಡಿದಿರೋ), ಉರಿ ಯಾವಾಗ ಬಂತು. ಬರೆಯಲು ಬಾರದವರಿಗೆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಎರಡು ವಾರದಲ್ಲಿ ನಿಮ್ಮ ತೊಂದರೆಯ ಮೂಲ ಬಹುಮಟ್ಟಿಗೆ ಕಣ್ಣಿಗೆ ಬೀಳುತ್ತದೆ. ಉದಾಹರಣೆಗೆ, ಮಧ್ಯಾಹ್ನ ತಿಂದ ಅದೇ ಬದನೆಕಾಯಿ ಪಲ್ಯ ಏನೂ ಮಾಡದೆ, ರಾತ್ರಿ ಒಂಬತ್ತೂವರೆಗೆ ತಿಂದಾಗ ಮಾತ್ರ ಉರಿ ಬಂದಿದ್ದರೆ ತಪ್ಪು ಬದನೆಕಾಯಿಯದಲ್ಲ, ಹೊತ್ತಿನದು. ಮುಂದಿನ ಸಲ ಬರುವಾಗ ಈ ವಹಿಯನ್ನು ತನ್ನಿರಿ. ವೈದ್ಯರಿಗೆ ಬಹಳ ಸಹಾಯವಾಗುತ್ತದೆ.

ಮನೆಯವರು ಮಾಡಬೇಕಾದದ್ದು

ರೋಗಿ ಒಬ್ಬರೇ ಏಳು ಗಂಟೆಗೆ ಉಣ್ಣಬೇಕೆಂದರೆ ನಡೆಯುವುದಿಲ್ಲ. ಅಡಿಗೆ ಆ ಹೊತ್ತಿಗೆ ಆಗಬೇಕು. ಅದರಲ್ಲೂ ರೋಗಿ ಮನೆಯ ಹೆಣ್ಣುಮಗಳಾಗಿದ್ದರೆ, ಎಲ್ಲರಿಗೂ ನೀಡಿ, ಪಾತ್ರೆ ತಿಕ್ಕಿ, ಕೊನೆಗೆ ಹತ್ತು ಗಂಟೆಗೆ ಉಂಡು ಹಾಗೆಯೇ ಒರಗುತ್ತಾಳೆ. ಅವಳಿಗೆ ಕೊಟ್ಟ ಗುಳಿಗೆ ಹೇಗೆ ಗುಣ ಕೊಟ್ಟೀತು? ಮನೆಮಂದಿಯೆಲ್ಲ ಒಟ್ಟಿಗೆ ಬೇಗ ಉಣ್ಣುವುದು ಅವಳಿಗೆ ಔಷಧವಿದ್ದಂತೆ. ಭಾರದ ಕೊಡ, ಬಾಗುವ ಕೆಲಸಗಳನ್ನು ಉಳಿದವರು ಹಂಚಿಕೊಳ್ಳಲಿ. "ಇನ್ನೊಂದು ರೊಟ್ಟಿ" ಎಂಬ ಪ್ರೀತಿಯ ಒತ್ತಾಯ ಬೇಡ. ಮಂಚದ ಕೆಳಗೆ ಇಟ್ಟಿಗೆ ಇಡುವ ಕೆಲಸ ಇವತ್ತೇ ಆಗಲಿ.

ಸಂಶಯ ಮತ್ತು ಸಮಾಧಾನ

ಪ್ರಶ್ನೆ: ಈ ರೂಢಿಗಳನ್ನು ಪಾಲಿಸಿದರೆ ಹರ್ನಿಯಾ ಮುಚ್ಚಿಕೊಳ್ಳುತ್ತದೆಯೇ?
ಉತ್ತರ: ಇಲ್ಲ. ಕಿಂಡಿಯ ಸಡಿಲು ಉಳಿಯುತ್ತದೆ. ಆದರೆ ಉರಿ, ಹುಳಿತೇಗು ಕಡಿಮೆಯಾಗುತ್ತವೆ, ಗುಳಿಗೆಯ ಅಗತ್ಯವೂ ಕಡಿಮೆಯಾಗಬಹುದು.

ಪ್ರಶ್ನೆ: ರಾತ್ರಿ ಉರಿ ಬಂದಾಗ ತಣ್ಣನೆ ಹಾಲು ಕುಡಿಯಬಹುದೇ?
ಉತ್ತರ: ಹಾಲು ಸ್ವಲ್ಪ ಹೊತ್ತು ತಂಪು ಕೊಡುತ್ತದೆ, ಆಮೇಲೆ ಜಠರ ಮತ್ತೆ ಆಮ್ಲ ಸುರಿಸುತ್ತದೆ. ಮಲಗುವಾಗ ಲೋಟ ತುಂಬ ಹಾಲು ಬೇಡ. ಎದ್ದು ಕುಳಿತು ಎರಡು ಗುಟುಕು ನೀರು ಕುಡಿಯಿರಿ. ವೈದ್ಯರು ಕೊಟ್ಟ ಆಂಟಾಸಿಡ್ ಔಷಧವಿದ್ದರೆ ತೆಗೆದುಕೊಳ್ಳಿರಿ.

ಪ್ರಶ್ನೆ: "ಬಟ್ಟಿ ಜಾರಿದೆ" ಎಂದು ಹೊಟ್ಟೆ ತಿಕ್ಕಿಸಬಹುದೇ?
ಉತ್ತರ: ಬೇಡ. ಹೊಟ್ಟೆ ಒತ್ತಿ ತಿಕ್ಕುವುದರಿಂದ ಜಠರ ಇನ್ನೂ ಮೇಲೆ ತಳ್ಳಲ್ಪಡುತ್ತದೆ.

ಪ್ರಶ್ನೆ: ಆಪರೇಷನ್ ಯಾರಿಗೆ ಬೇಕು?
ಉತ್ತರ: ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಔಷಧ ಮತ್ತು ಪಥ್ಯದಿಂದ ಹತೋಟಿಗೆ ಬಾರದವರಿಗೆ, ಹರ್ನಿಯಾ ದೊಡ್ಡದಾಗಿ ತೊಂದರೆ ಕೊಡುತ್ತಿರುವವರಿಗೆ, ಜಠರ ಸಿಕ್ಕಿಕೊಳ್ಳುವ ಅಪಾಯ ಇರುವವರಿಗೆ ಮಾತ್ರ. ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಯುವ ವಿಧಾನವನ್ನು ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ೧೯೫೬ರಲ್ಲಿ ಪ್ರಕಟಿಸಿದರು. ಈಗ ಅದನ್ನು ಲ್ಯಾಪರೊಸ್ಕೋಪಿಯಿಂದ ಸಣ್ಣ ರಂಧ್ರಗಳ ಮೂಲಕ ಮಾಡುತ್ತಾರೆ. ಆಪರೇಷನ್ ಆದವರೂ ಮಿತವಾಗಿ, ನಿಧಾನವಾಗಿ ಉಣ್ಣುವುದನ್ನು ಮುಂದುವರಿಸಬೇಕು.

ತಡಮಾಡದೆ ಬರಬೇಕಾದ ಸಂದರ್ಭಗಳು

• ಆಹಾರ ನುಂಗಲು ತೊಡಕು, ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು
• ರಕ್ತ ವಾಂತಿ, ಅಥವಾ ಡಾಂಬರಿನಂತೆ ಕಪ್ಪಾದ ಮಲ (ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗಬಹುದು, ಆದರೂ ತೋರಿಸಿ ಖಚಿತ ಮಾಡಿಕೊಳ್ಳಿರಿ)
• ಕಾರಣವಿಲ್ಲದೆ ತೂಕ ಇಳಿಯುವುದು
• ರಕ್ತಹೀನತೆ, ಮುಖ ಬಿಳಿಚುವುದು, ಏದುಸಿರು. ದೊಡ್ಡ ಹರ್ನಿಯಾದಲ್ಲಿ ಜಠರದ ಒಳಗೆ ಉಜ್ಜಿದ ಗಾಯಗಳಾಗಿ ಕಣ್ಣಿಗೆ ಕಾಣದಂತೆ ರಕ್ತ ಸೋರಬಹುದು
• ಎದೆ ಅಥವಾ ಮೇಲ್ಹೊಟ್ಟೆಯಲ್ಲಿ ಒಮ್ಮೆಲೇ ತೀವ್ರ ನೋವು, ಓಕರಿಕೆ ಬಂದರೂ ವಾಂತಿಯಾಗದಿರುವುದು. ಇದು ಜಠರ ತಿರುಚಿಕೊಂಡಿರುವ ಸೂಚನೆಯಾಗಿರಬಹುದು, ತುರ್ತು ಚಿಕಿತ್ಸೆ ಬೇಕು
• ಹೃದಯಾಘಾತದ ಸೂಚನೆಗಳು (ಮೇಲೆ ಹೇಳಿದಂತೆ)

ನೆನಪಿಡಿ

೧. ಸ್ವಲ್ಪ ಸ್ವಲ್ಪ, ನಿಧಾನವಾಗಿ ಉಣ್ಣಿರಿ.
೨. ಊಟಕ್ಕೂ ನಿದ್ದೆಗೂ ೩ ಗಂಟೆ ಅಂತರ.
೩. ಮಂಚದ ತಲೆಯ ಕಡೆ ೬ ರಿಂದ ೮ ಇಂಚು ಎತ್ತರ, ಎಡಮಗ್ಗುಲ ನಿದ್ದೆ.
೪. ಬಾಗುವ ಕೆಲಸ ಊಟಕ್ಕೆ ಮೊದಲು.
೫. ಲಾಡಿ, ಬೆಲ್ಟು ಸಡಿಲ.
೬. ತಂಬಾಕು, ಮದ್ಯ ಪೂರ್ಣ ತ್ಯಾಗ.
೭. ನೋವಿನ ಗುಳಿಗೆ ತಾವಾಗಿಯೇ ನುಂಗಬಾರದು.
೮. ಎದೆನೋವು, ಬೆವರು, ಉಸಿರುಕಟ್ಟು ಇದ್ದರೆ ಗ್ಯಾಸ್ ಎಂದು ಕೂಡಬಾರದು.

ಎಲ್ಲವನ್ನೂ ಒಂದೇ ದಿನ ಬದಲಿಸಲು ಆಗದಿದ್ದರೆ ಬೇಸರ ಬೇಡ. ಮೊದಲು ರಾತ್ರಿಯ ಊಟದ ಹೊತ್ತನ್ನು ಬದಲಿಸಿರಿ, ಮಂಚವನ್ನು ಎತ್ತರಿಸಿರಿ. ಇವೆರಡಕ್ಕೆ ಖರ್ಚಿಲ್ಲ. ಎರಡು ವಾರದಲ್ಲಿ ಗುಣ ಕಂಡರೆ ಉಳಿದವನ್ನು ಪಾಲಿಸುವ ಉತ್ಸಾಹ ತಾನಾಗಿಯೇ ಬರುತ್ತದೆ. ಈ ಹಾಳೆಯನ್ನು ಓದಿದ ಮೇಲೆ ಎಸೆಯದೆ ಮನೆಗೆ ಒಯ್ದು ಅಡಿಗೆಮನೆಯ ಗೋಡೆಗೆ ಅಂಟಿಸಿರಿ, ನೆರೆಹೊರೆಯವರಿಗೂ ಓದಲು ಕೊಡಿರಿ.